ಪ್ಯಾಡ್ ಎರಡು ಸಲ ಬದಲಾಯಿತು, ಕೀಚಲು ಮಾತ್ರ ಹೋಗಲಿಲ್ಲ

ತುಂಗಾತೀರ (ಭಾನುವಾರ, ಬೆಳಿಗ್ಗೆ)

ಎಲ್ಲರಿಗೂ ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಮೇಷ್ಟ್ರು. ಅಪ್ಪ ನಿವೃತ್ತಿಯ ದುಡ್ಡಿನಲ್ಲಿ ಕೊಂಡಿದ್ದ 2004ರ ಮಾರುತಿ 800 ಈಗ ನನ್ನ ಪಾಲಿಗೆ ಬಂದಿದೆ. ಓಡಿರುವುದು 1,18,000 ಕಿ.ಮೀ. ಎಂಜಿನ್ನಿನ ಮೇಲೆ ದೂರಿಲ್ಲ, ಗೇರಿನ ಮೇಲೆ ದೂರಿಲ್ಲ. ಬ್ರೇಕು ಮಾತ್ರ ಐದು ತಿಂಗಳಿನಿಂದ ನನ್ನ ಮಾನ ಕಳೆಯುತ್ತಿದೆ.

ಬ್ರೇಕ್ ಒತ್ತಿದರೆ ಮುಂದಿನಿಂದ ‘ಕೀಂ’ ಎಂದು ಸದ್ದು. ಸೋಮವಾರದ ಸಂತೆಯ ಹೊತ್ತಿನಲ್ಲಿ ಬಸ್ ನಿಲ್ದಾಣದ ಎದುರು ನಿಧಾನ ಮಾಡಿದರೆ ಸೌತೆಕಾಯಿ ಆರಿಸುತ್ತಿದ್ದವರೂ ತಲೆ ಎತ್ತುತ್ತಾರೆ. ಮೊದಲು ಗ್ಯಾರೇಜಿನವರು, ಚಕ್ರದ ಜೊತೆ ತಿರುಗುವ ಡಿಸ್ಕ್ ಎಂಬ ತಟ್ಟೆಯನ್ನು ಒತ್ತಿ ಹಿಡಿಯುವ ಪ್ಯಾಡ್ ಸವೆದಿದೆ ಎಂದರು, ಬದಲಾಯಿಸಿದೆ. ಒಂದು ವಾರ ಸುಮ್ಮನಿತ್ತು, ಮತ್ತೆ ಶುರುವಾಯಿತು. ಅಗ್ಗದ ಪ್ಯಾಡ್ ಹಾಕಿಸಿದ್ದಕ್ಕೆ ಹೀಗಾಗಿದೆ ಎಂದರು. ಎರಡು ತಿಂಗಳ ಹಿಂದೆ ದುಬಾರಿಯದನ್ನೇ ಹಾಕಿಸಿದೆ. ಆಗಲೇ ಡಿಸ್ಕನ್ನು ಲೇತಿಗೆ ಕೊಟ್ಟು ಮಟ್ಟ ಮಾಡಿಸಿದರು. ಹತ್ತು ದಿನ ಶಾಂತಿ. ಆಮೇಲೆ ಯಥಾಪ್ರಕಾರ. ಈಗ ಕೇಳಿದರೆ ‘ಹಳೆಯ ಗಾಡಿ ಸಾರ್, ಅಷ್ಟು ಸದ್ದು ಇದ್ದೇ ಇರುತ್ತದೆ’ ಎನ್ನುತ್ತಾರೆ.

ಸದ್ದು ನನಗೆ ಅಭ್ಯಾಸವಾಗಿಬಿಟ್ಟೀತು. ಆದರೆ ಹೆಂಡತಿಯ ತವರು ಹೆಬ್ರಿ. ತಿಂಗಳಿಗೆ ಎರಡು ಸಲವಾದರೂ ಆಗುಂಬೆ ಘಾಟಿ ಇಳಿಯಬೇಕು. ಹದಿನಾಲ್ಕು ತಿರುವುಗಳಲ್ಲಿ ಅನುಮಾನದ ಬ್ರೇಕು ಇಟ್ಟುಕೊಂಡು ಇಳಿಯುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ಏನು ನೋಡಬೇಕು, ಎಲ್ಲಿಂದ ಶುರು ಮಾಡಬೇಕು, ಬಲ್ಲವರು ಹೇಳಿ.

ಹಳೇ ಪಾನಾ (ಭಾನುವಾರ, ಬೆಳಿಗ್ಗೆ)

ಮೇಷ್ಟ್ರೇ, ನಾನು ಸಾರಿಗೆ ಸಂಸ್ಥೆಯ ಡಿಪೋದಲ್ಲಿ 31 ವರ್ಷ ಪಾನಾ ಹಿಡಿದವನು. ಬಸ್ಸೇ ಹೆಚ್ಚು, ಆದರೂ ಬ್ರೇಕು ಬ್ರೇಕೇ. ನೀವು ‘ಕೀಂ’ ಎಂದು ಬರೆದಿರಲ್ಲ, ಅದೇ ದೊಡ್ಡ ಉಪಕಾರ. ಬಹಳ ಜನ ‘ಸೌಂಡ್ ಬರುತ್ತದೆ’ ಎಂದಷ್ಟೇ ಹೇಳಿ ಗಾಡಿ ಬಿಟ್ಟು ಹೋಗುತ್ತಾರೆ.

‘ಗರಗರ’ ಎಂದರೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತಿದೆ, ಪ್ಯಾಡಿನ ಮಸಾಲೆ, ಅಂದರೆ ಉಜ್ಜಿ ಸವೆಯುವ ಪದರ, ಮುಗಿದು ಹಿಂದಿನ ತಗಡು ಡಿಸ್ಕನ್ನು ಕೊರೆಯುತ್ತಿದೆ. ಗಾಡಿಯನ್ನು ಅಲ್ಲೇ ನಿಲ್ಲಿಸಬೇಕು. ‘ಸರ್, ಸರ್’ ಎಂದು ಚಕ್ರದ ಸುತ್ತಿಗೊಮ್ಮೆ ಬಂದರೆ ಡಿಸ್ಕಿನ ಹಿಂದಿರುವ ತೆಳು ತಗಡು ಬಾಗಿ ತಾಗುತ್ತಿರಬಹುದು, ಇಲ್ಲವೇ ಅದರ ಸಂದಿಯಲ್ಲಿ ಜಲ್ಲಿ ಚೂರು ಸಿಕ್ಕಿರಬಹುದು. ಬ್ರೇಕ್ ಒತ್ತಿದ ಕ್ಷಣ ಒಂದೇ ಒಂದು ‘ಟಕ್’ ಎಂದರೆ ಪ್ಯಾಡ್ ತನ್ನ ಗೂಡಿನಲ್ಲಿ ಸಡಿಲವಾಗಿದೆ, ಅಥವಾ ಚಕ್ರವನ್ನು ಹಿಡಿದಿರುವ ಕೆಳಗಿನ ಆರ್ಮಿನ ಬುಶ್, ಬಾಲ್ ಜಾಯಿಂಟ್ ಹೋಗಿದೆ. ‘ಗೂಂ’ ಎಂದು ವೇಗದ ಜೊತೆ ಏರುವುದು ಬೇರಿಂಗಿನ ಸದ್ದು, ಬ್ರೇಕಿಗೂ ಅದಕ್ಕೂ ಸಂಬಂಧವಿಲ್ಲ, ತಿರುವಿನಲ್ಲಿ ಭಾರ ಒಂದು ಕಡೆ ಬಿದ್ದಾಗ ಅದರ ರಾಗ ಬದಲಾಗುತ್ತದೆ. ಕೆಲವು ಪ್ಯಾಡುಗಳಲ್ಲಿ ಒಂದು ಸಣ್ಣ ಉಕ್ಕಿನ ನಾಲಿಗೆ ಇರುತ್ತದೆ. ಮಸಾಲೆ ಎರಡು ಮೂರು ಮಿ.ಮೀ.ಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕಿರುಚಿ ಎಚ್ಚರಿಸುತ್ತದೆ. ಅದನ್ನು ಕೂಗಲೆಂದೇ ಇಟ್ಟಿರುತ್ತಾರೆ. ನಿಮ್ಮದು ಹೊಸ ಪ್ಯಾಡ್, ಹಾಗಾಗಿ ಅದಲ್ಲ ಎಂದುಕೊಳ್ಳೋಣ.

ಈಗ ಇಷ್ಟು ಹೇಳಿ. ಎಡಕ್ಕೋ ಬಲಕ್ಕೋ? ಮೆಲ್ಲಗೆ ಒತ್ತಿದಾಗಲೋ, ಜೋರಾಗಿ ಒತ್ತಿದಾಗಲೋ? ಹಿಮ್ಮುಖವಾಗಿ ಹೋಗುವಾಗ? ಮಳೆಯಲ್ಲಿ? ಇನ್ನೊಂದು ಕೆಲಸ: ಯಾರೂ ಇಲ್ಲದ ಮಟ್ಟಸ ರಸ್ತೆಯಲ್ಲಿ ಹತ್ತು ಹದಿನೈದು ಕಿ.ಮೀ. ವೇಗದಲ್ಲಿ, ಕಾಲು ಬ್ರೇಕಿನ ಮೇಲೆ ಇಡದೆ, ಹ್ಯಾಂಡ್‌ಬ್ರೇಕಿನ ಗುಂಡಿ ಒತ್ತಿ ಹಿಡಿದುಕೊಂಡೇ ಮೆಲ್ಲಗೆ ಎಳೆಯಿರಿ. ಅದು ಹಿಂದಿನ ಚಕ್ರಗಳ ಡ್ರಮ್ ಬ್ರೇಕುಗಳನ್ನು ಮಾತ್ರ ಹಿಡಿಯುತ್ತದೆ. ಆಗಲೂ ಸದ್ದು ಬಂದರೆ ಹಿಂದೆ, ಬಾರದಿದ್ದರೆ ಮುಂದೆ.

ಸಿಗ್ನಲ್ ಜೀವಿ (ಭಾನುವಾರ, ಮಧ್ಯಾಹ್ನ)

ಸಾರ್, ಬೇಸರ ಮಾಡಿಕೊಳ್ಳಬೇಡಿ. ಇಪ್ಪತ್ತು ವರ್ಷ ದಾಟಿದ ಗಾಡಿಗೆ ಇಷ್ಟು ಸುರಿಯುವ ಬದಲು ಕೊಟ್ಟುಬಿಡಿ. 800ರ ತಯಾರಿಕೆಯೇ 2014ರಲ್ಲಿ ನಿಂತಿದೆ. ನಾನು ಬೆಂಗಳೂರಿನಲ್ಲಿ ಇದೇ ತಪ್ಪು ಮಾಡಿ ಎರಡು ವರ್ಷ ಗ್ಯಾರೇಜು ಸಾಕಿದೆ.

ತುಂಗಾತೀರ (ಭಾನುವಾರ, ಸಂಜೆ)

ಕೊಡುವ ಮಾತು ಮನೆಯಲ್ಲಿ ಎತ್ತುವಂತಿಲ್ಲ. ಅಮ್ಮ ಈಗಲೂ ಅದನ್ನು ‘ಅವರ ಗಾಡಿ’ ಎನ್ನುತ್ತಾಳೆ. ನೋಂದಣಿಯ ಹದಿನೈದು ವರ್ಷ ಮುಗಿದ ಮೇಲೆ ಐದೈದು ವರ್ಷಕ್ಕೆ ಎರಡು ಸಲ ನವೀಕರಣವೂ ಆಗಿದೆ.

ಹಿರಿಯರೇ, ನೀವು ಹೇಳಿದಂತೆ ಮಾಡಿದೆ. ಶಾಲೆಯ ಹಿಂದಿನ ರಸ್ತೆ ಭಾನುವಾರ ಖಾಲಿ. ಹ್ಯಾಂಡ್‌ಬ್ರೇಕ್ ಎಳೆದರೆ ಏನೂ ಸದ್ದಿಲ್ಲ. ಕಾಲಿನ ಬ್ರೇಕಿಗೆ ಮಾತ್ರ ಕೂಗುತ್ತದೆ. ಮಗನನ್ನು ರಸ್ತೆಯ ಪಕ್ಕ ನಿಲ್ಲಿಸಿ ನಾಲ್ಕು ಸಲ ಹೋಗಿ ಬಂದೆ. ನಾಲ್ಕು ಸಲವೂ ಎಡಗಡೆ ಮುಂದಿನ ಚಕ್ರ ಎಂದ. ಮೆಲ್ಲಗೆ ಒತ್ತಿದಾಗ, ಇಪ್ಪತ್ತು ಕಿ.ಮೀ.ಗಿಂತ ಕೆಳಗೆ, ಇನ್ನೇನು ನಿಲ್ಲಬೇಕು ಎನ್ನುವಾಗ ಹೆಚ್ಚು. ಜೋರಾಗಿ ತುಳಿದರೆ ಬಾಯಿ ಮುಚ್ಚುತ್ತದೆ. ಬೆಳಿಗ್ಗೆ ಶೆಡ್ಡಿನಿಂದ ಹಿಮ್ಮುಖವಾಗಿ ತೆಗೆಯುವಾಗ ಅತಿ ಜೋರು. ಮಳೆ ಧಾರಾಕಾರವಾಗಿ ಸುರಿಯುವಾಗ ಸದ್ದೇ ಇಲ್ಲ, ಆದರೆ ಇಬ್ಬನಿ ಬಿದ್ದ ಬೆಳಿಗ್ಗೆ ದುಪ್ಪಟ್ಟು. ಇದಕ್ಕೆ ಅರ್ಥವಿದೆಯೇ, ಅಥವಾ ನನ್ನ ಕಿವಿಯ ದೋಷವೇ?

ಧಾರವಾಡ ಪೇಡೆ (ಭಾನುವಾರ, ರಾತ್ರಿ)

ಕಿವಿಯ ದೋಷವಲ್ಲ ಸರ್. ನಾನು ಭೌತವಿಜ್ಞಾನ ಕಲಿಸುವವನು, ಗಾಡಿ ರಿಪೇರಿ ನನಗೆ ಬಾರದು. ಆದರೆ ಈ ಸದ್ದು ನನ್ನ ಪಾಠಕ್ಕೆ ಸೇರಿದ್ದು.

ಪಿಟೀಲಿನ ಕಮಾನು ತಂತಿಯನ್ನು ಹೇಗೆ ನುಡಿಸುತ್ತದೆ? ರಾಳ ಸವರಿದ ಕೂದಲು ತಂತಿಯನ್ನು ಅಂಟಿ ಎಳೆದುಕೊಂಡು ಹೋಗುತ್ತದೆ, ತಂತಿ ಜಾರಿ ಹಿಂದಕ್ಕೆ ಬರುತ್ತದೆ, ಮತ್ತೆ ಅಂಟುತ್ತದೆ. ಸೆಕೆಂಡಿಗೆ ನೂರಾರು ಸಲ. ಪ್ಯಾಡ್ ಡಿಸ್ಕನ್ನು ಮೆಲ್ಲಗೆ ಹಿಡಿದಾಗಲೂ ಇದೇ ಅಂಟು-ಜಾರು ನಡೆಯಬಹುದು, ಅದೂ ಸೆಕೆಂಡಿಗೆ ಸಾವಿರಾರು ಸಲ. ವೇಗ ಇಳಿದಂತೆ ಅಂಟು ಹೆಚ್ಚುತ್ತದೆ, ಆದ್ದರಿಂದ ನಿಲ್ಲುವ ಮುನ್ನವೇ ಕೂಗು ಜಾಸ್ತಿ. ಕೀಚಲಿನ ಕಂಪನ 1,000 ಹರ್ಟ್ಸ್‌ನಿಂದ ಮೇಲಕ್ಕೆ ಇರುತ್ತದೆ. ನಮ್ಮ ಕಿವಿ ಅತಿ ಚುರುಕಾಗಿರುವುದು 2,000ದಿಂದ 5,000ದ ನಡುವೆ. ನಿಮ್ಮ ಸಂತೆಯ ಜನ ತಲೆ ಎತ್ತುವುದರಲ್ಲಿ ಆಶ್ಚರ್ಯವೇನಿದೆ!

ಇನ್ನು ಡಿಸ್ಕ್ ಎಂದರೆ ಜಾಗಟೆ ಎಂದೇ ತಿಳಿಯಿರಿ. ಎರಕದ ಕಬ್ಬಿಣದ ಗುಂಡು ತಟ್ಟೆ, ಯಾವ ಸಣ್ಣ ಕಂಪನ ಸಿಕ್ಕರೂ ಹಿಗ್ಗಿಸಿ ಊರಿಗೆ ಸಾರುತ್ತದೆ. ಜಾಗಟೆ ಹೊಡೆದ ತಕ್ಷಣ ಅಂಗೈ ಇಟ್ಟರೆ ನಾದ ಸಾಯುತ್ತದಲ್ಲ, ಪ್ಯಾಡಿನ ಬೆನ್ನಿಗೆ ಅಂಟಿಸುವ ಶಿಮ್ ಎಂಬ ತೆಳು ಪದರ ಮಾಡುವುದು ಆ ಅಂಗೈಯ ಕೆಲಸ. ಜೋರಾಗಿ ತುಳಿದಾಗ ಪ್ಯಾಡ್ ಒತ್ತಿ ಕೂರುವುದರಿಂದ ನಡುಕಕ್ಕೆ ಆಸ್ಪದ ಕಡಿಮೆ. ಧಾರಾಕಾರ ಮಳೆಯಲ್ಲಿ ನೀರಿನ ಪದರ ಅಂಟು ತಪ್ಪಿಸುತ್ತದೆ. ಇಬ್ಬನಿ ಹಾಗಲ್ಲ, ಡಿಸ್ಕಿನ ಮೇಲೆ ಬರಿಯ ತೇವ ಮತ್ತು ತೆಳು ತುಕ್ಕು ಬಿಟ್ಟು ಹೋಗುತ್ತದೆ, ಅಂಟು ಏರುತ್ತದೆ. ನಾಲ್ಕಾರು ಸಲ ಬ್ರೇಕ್ ಹಿಡಿದ ಮೇಲೆ ಹೋಗುವ ಬೆಳಗಿನ ಸದ್ದಿಗೆ ತಲೆ ಕೆಡಿಸಿಕೊಳ್ಳಬೇಡಿ. ದಿನವಿಡೀ ಉಳಿಯುವುದು ಬೇರೆ. ಎಡಕ್ಕಿದ್ದು ಬಲಕ್ಕಿಲ್ಲ ಎಂದರಂತೂ ಎಡಕ್ಕೇ ಏನೋ ಇದೆ. ಎರಡೂ ಕಡೆ ಒಂದೇ ಪ್ಯಾಡ್ ತಾನೆ?

ಕರಾವಳಿ ಗಾಳಿ (ಸೋಮವಾರ, ಬೆಳಿಗ್ಗೆ)

ಆ ಕೊನೆಯ ಪ್ರಶ್ನೆ ಚೆನ್ನಾಗಿದೆ. ನನ್ನದು ಉಡುಪಿಯಲ್ಲಿ ಹಳೆಯ ಮಾರುತಿ ಝೆನ್ ಕಾರು. ಸಮುದ್ರದ ಉಪ್ಪುಗಾಳಿಗೆ ಇಲ್ಲಿ ಎಲ್ಲವೂ ತುಕ್ಕು. ಎಡಚಕ್ರದ ಹಿಂದಿನ ತಗಡು ಬಾಗಿದೆಯೇ ಎಂದು ಮೊದಲು ನೋಡಿಸಿ ಮೇಷ್ಟ್ರೇ. ಡಿಸ್ಕ್ ಬಿಚ್ಚುವಾಗ ಹುಡುಗರು ಅದರ ಮೇಲೆ ಕೈ ಊರಿ ಬಗ್ಗಿಸಿರುತ್ತಾರೆ.

ಶಾರ್ಟ್‌ಕಟ್ ಶೂರ (ಸೋಮವಾರ, ಬೆಳಿಗ್ಗೆ)

ಇಷ್ಟಕ್ಕೆಲ್ಲ ಯಾಕೆ ತಲೆಬಿಸಿ? ತುಕ್ಕು ಬಿಡಿಸುವ ಸ್ಪ್ರೇ ಸಿಗುತ್ತದೆ, ಚಕ್ರದ ಸಂದಿಯಿಂದ ಡಿಸ್ಕಿಗೆ ಎರಡು ಸಲ ಹೊಡೆಯಿರಿ. ನಾನು ಮಾಡಿದ್ದೇನೆ, ಸದ್ದು ಫಟ್ಟನೆ ನಿಂತಿತು.

ಹಳೇ ಪಾನಾ (ಸೋಮವಾರ, ಬೆಳಿಗ್ಗೆ)

ಸದ್ದು ನಿಲ್ಲುತ್ತದೆ ಮಾರಾಯರೇ, ಗಾಡಿ ನಿಲ್ಲುವುದಿಲ್ಲ. ಈ ಬರಹ ಓದುವ ಯಾರೂ ದಯವಿಟ್ಟು ಅದನ್ನು ಮಾಡಬೇಡಿ. ಪ್ಯಾಡಿನ ಮಸಾಲೆ ಎಣ್ಣೆ ಕುಡಿದರೆ ಮುಗಿಯಿತು, ತೊಳೆದರೂ ಹೋಗದು, ಎಸೆಯಬೇಕು. ಎಣ್ಣೆ ಒಂದೇ ಕಡೆಯ ಚಕ್ರಕ್ಕೆ ಬಿದ್ದಿದ್ದರೆ ಗಟ್ಟಿಯಾಗಿ ಬ್ರೇಕ್ ಹಿಡಿದಾಗ ಗಾಡಿ ಇನ್ನೊಂದು ಕಡೆಗೆ ಎಳೆದುಕೊಂಡು ಹೋಗುತ್ತದೆ. ನಮ್ಮ ಡಿಪೋದಲ್ಲಿ ಲೈನಿಂಗಿಗೆ ಗ್ರೀಸು ತಾಗಿಸಿದ ಹುಡುಗನಿಗೆ ಫೋರ್‌ಮನ್ ಆ ದಿನ ಊಟ ಇಳಿಯದಂತೆ ಬೈದಿದ್ದರು. ಬೈದದ್ದು ಸರಿ.

ಗ್ರೀಸು ಹಾಕುವ ಜಾಗ ಬೇರೆ ಇದೆ. ಪ್ಯಾಡಿನ ಬೆನ್ನು, ಅದು ಜಾರುವ ಕಿವಿಗಳು, ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರಿನ ಪಿನ್ನು. ಅದಕ್ಕೂ ಬೇರಿಂಗಿನ ಗ್ರೀಸು ಸಲ್ಲದು. ಖನಿಜ ತೈಲದ ಗ್ರೀಸು ತಾಗಿದರೆ ಬ್ರೇಕಿನ ರಬ್ಬರು ಉಬ್ಬಿ ಹಿಡಿದುಕೊಳ್ಳುತ್ತದೆ. ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸು ಬೇಕು.

ಘಟ್ಟದಕ್ಕ (ಸೋಮವಾರ, ಸಂಜೆ)

ಮೇಷ್ಟ್ರೇ, ನಾನು ಶೃಂಗೇರಿ ಕಡೆಯವಳು, ಒಂಬತ್ತು ವರ್ಷದಿಂದ ವಾರಕ್ಕೊಮ್ಮೆ ಮಣಿಪಾಲಕ್ಕೆ ಇದೇ ಆಗುಂಬೆ ಇಳಿಯುತ್ತೇನೆ. ರೋಗಿಗಳನ್ನು ಕರೆದುಕೊಂಡು ಹೋಗುವ ಬಾಡಿಗೆ ಕಾರು ನನ್ನದು. ನೀವು ಸದ್ದಿನ ಮಾತಾಡುತ್ತಿದ್ದೀರಿ, ನಾನು ನಿಮ್ಮ ಇಳಿಯುವ ಕ್ರಮ ಕೇಳುತ್ತೇನೆ. ಯಾವ ಗೇರಿನಲ್ಲಿ ಇಳಿಯುತ್ತೀರಿ?

ಮೂರನೆಯ ಗೇರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಸೋಮೇಶ್ವರದವರೆಗೆ ಇಳಿಯುವವರನ್ನು ದಿನವೂ ನೋಡುತ್ತೇನೆ. ಕೆಳಗೆ ತಲುಪುವಾಗ ಸುಟ್ಟ ವಾಸನೆ. ಅಷ್ಟು ಕಾದ ಪ್ಯಾಡಿನ ಮುಖ ಗಾಜಿನಂತೆ ಹೊಳಪೇರುತ್ತದೆ. ಹೊಳಪೇರಿದ ಪ್ಯಾಡ್ ಹಿಡಿಯುವುದು ಕಡಿಮೆ, ಕೂಗುವುದು ಹೆಚ್ಚು. ನಾನು ಎರಡನೆಯ ಗೇರು, ಕಡಿದಾದ ತಿರುವಿನಲ್ಲಿ ಒಂದನೆಯದು. ಬ್ರೇಕನ್ನು ತಿರುವಿಗೆ ಮೊದಲು ಒಮ್ಮೆ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಟ್ಟುಬಿಡುತ್ತೇನೆ. ಸವರುತ್ತ ಇಳಿಯುವುದಿಲ್ಲ. ಹಿಂದಿನ ಲಾರಿಯವನು ಹಾರ್ನ್ ಹಾಕಿದರೆ ಹಾಕಲಿ.

ಎಣ್ಣೆ ಬದಲಾಯಿಸಿ ಎಷ್ಟು ವರ್ಷವಾಯಿತು? ಬ್ರೇಕ್ ಎಣ್ಣೆ ಗಾಳಿಯ ತೇವ ಹೀರುತ್ತದೆ, ನಮ್ಮ ಮಲೆನಾಡಿನ ಗಾಳಿಯಲ್ಲಿ ತೇವಕ್ಕೆ ಬರವೇ? ಡಾಟ್ 3 ಎಂಬ ದರ್ಜೆಯ ಎಣ್ಣೆ ಹೊಸದಿದ್ದಾಗ ಕನಿಷ್ಠ 205 ಡಿಗ್ರಿಯವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕುದಿದರೆ ಪೈಪಿನಲ್ಲಿ ಆವಿ, ಪೆಡಲ್ ಹತ್ತಿಯಂತೆ ಮೆತ್ತಗೆ. ಒಮ್ಮೆ ನನಗೆ ಹಾಗೆ ಆಗಿದೆ, ಮತ್ತೆ ಅದರ ಮಾತು ಬೇಡ. ಡಬ್ಬಿಯ ಮುಚ್ಚಳದ ಮೇಲೆ ಯಾವ ಡಾಟ್ ಎಂದು ಬರೆದಿದೆಯೋ ಅದನ್ನೇ ಹಾಕಿಸಿ.

ತುಂಗಾತೀರ (ಬುಧವಾರ, ರಾತ್ರಿ)

ಅಕ್ಕಾ, ತಪ್ಪೊಪ್ಪಿಗೆ: ಮೂರನೆಯ ಗೇರು. ಎಣ್ಣೆಯ ಡಬ್ಬಿ ನೋಡಿದೆ, ಕಾಫಿ ಡಿಕಾಕ್ಷನ್ನಿನ ಬಣ್ಣ.

ಇವತ್ತು ರಜೆ ಹಾಕಿ ಗ್ಯಾರೇಜಿಗೆ ಹೋದೆ. ಕರಾವಳಿಯವರು ಹೇಳಿದ ತಗಡು ನಿಜವಾಗಿಯೂ ಬಾಗಿತ್ತು. ಸ್ಕ್ರೂಡ್ರೈವರ್ ತೂರಿಸಿ ಅರ್ಧ ನಿಮಿಷದಲ್ಲಿ ನೆಟ್ಟಗೆ ಮಾಡಿದರು. ಗಾಡಿ ಓಡುವಾಗ ಬರುತ್ತಿದ್ದ ಒಂದು ‘ಸರ್, ಸರ್’ ನಿಂತುಹೋಯಿತು. ಅಲ್ಲಿಯವರೆಗೆ ಅಂಥದ್ದೊಂದು ಸದ್ದು ಇದೆ ಎಂದೇ ನನಗೆ ಗೊತ್ತಿರಲಿಲ್ಲ! ಕೀಚಲು ಮಾತ್ರ ಇದ್ದಲ್ಲೇ ಇದೆ.

ಕ್ಯಾಲಿಪರ್ ಬಿಚ್ಚಿ ತೋರಿಸಿ ಎಂದೆ. ‘ಮೊನ್ನೆ ತಾನೆ ಪ್ಯಾಡ್ ಹಾಕಿದ್ದೇನೆ, ಮತ್ತೆ ಯಾಕೆ’ ಎಂದು ಗೊಣಗಿದರು. ಹಿಂದಿನ ಡ್ರಮ್ಮನ್ನಾದರೂ ಸ್ವಚ್ಛ ಮಾಡಿಕೊಡುತ್ತೇನೆ ಎಂದು ಬಿಚ್ಚಿ, ಗಾಳಿಯ ಪೈಪು ಹಿಡಿದು ಊದಿದರು. ಕಪ್ಪು ಧೂಳು ಮೋಡದಂತೆ ಎದ್ದಿತು. ಅಲ್ಲಿ ಕೆಲಸ ಮಾಡುವ ಹುಡುಗ ಅದರ ನಡುವೆ ಬಾಯಿ ತೆರೆದುಕೊಂಡು ಕೂತಿದ್ದ, ನನ್ನ ಹತ್ತನೆಯ ತರಗತಿಯ ಮಕ್ಕಳ ವಯಸ್ಸು.

ಧಾರವಾಡ ಪೇಡೆ (ಬುಧವಾರ, ರಾತ್ರಿ)

ಆ ಹುಡುಗನಿಗೆ ಹೇಳಿ ಸರ್, ಮೂಗಿಗೆ ಬಟ್ಟೆ ಸಾಲದು, ಊದುವುದೇ ಬೇಡ. ಹಳೆಯ ಬ್ರೇಕ್ ಶೂಗಳಲ್ಲಿ ಕಲ್ನಾರು ಇರುವ ಸಾಧ್ಯತೆ ಇದೆ. ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ದಶಕಗಳ ನಂತರ ಕ್ಯಾನ್ಸರಾಗಿ ಬರಬಲ್ಲದು. ಒದ್ದೆ ಬಟ್ಟೆಯಲ್ಲಿ ಒರೆಸಬೇಕು.

ಹಳೇ ಪಾನಾ (ಗುರುವಾರ, ಬೆಳಿಗ್ಗೆ)

ನಮ್ಮ ಕಾಲದಲ್ಲಿ ನಾವೂ ಊದಿದವರೇ. ಈಗ ಇಬ್ಬರು ಗೆಳೆಯರಿಗೆ ಎರಡು ಮಹಡಿ ಹತ್ತಲು ಆಗುವುದಿಲ್ಲ.

ಇರಲಿ. ಮೇಷ್ಟ್ರೇ, ಗಾಡಿ ಎಡಕ್ಕೆ ಎಳೆಯುತ್ತದೆಯೇ?

ತುಂಗಾತೀರ (ಗುರುವಾರ, ಬೆಳಿಗ್ಗೆ)

ಎಳೆಯುತ್ತದೆ, ಸ್ವಲ್ಪ. ವ್ಹೀಲ್ ಅಲೈನ್‌ಮೆಂಟ್ ಎರಡು ಸಲ ಮಾಡಿಸಿದೆ, ಸರಿಹೋಗಲಿಲ್ಲ. ಅದಕ್ಕೂ ಇದಕ್ಕೂ ಸಂಬಂಧ ಇರಬಹುದೆಂದು ಹೊಳೆಯಲಿಲ್ಲ.

ಹಳೇ ಪಾನಾ (ಗುರುವಾರ, ಬೆಳಿಗ್ಗೆ)

ಅದನ್ನು ಮೊದಲ ದಿನವೇ ಕೇಳಬೇಕಿತ್ತು, ತಪ್ಪು ನನ್ನದು. ಒಂದು ಪರೀಕ್ಷೆ ಮಾಡಿ. ಮಟ್ಟಸ ರಸ್ತೆಯಲ್ಲಿ ಹತ್ತು ಕಿ.ಮೀ., ಆದಷ್ಟೂ ಬ್ರೇಕ್ ಮುಟ್ಟದೆ ಓಡಿಸಿ, ಕೊನೆಗೆ ಏರಿನಲ್ಲಿ ತಾನಾಗಿ ನಿಲ್ಲಲು ಬಿಟ್ಟು ಹ್ಯಾಂಡ್‌ಬ್ರೇಕ್ ಹಾಕಿ. ಇಳಿದು ಎರಡೂ ಮುಂದಿನ ಚಕ್ರಗಳ ಹತ್ತಿರ ಅಂಗೈ ಒಯ್ಯಿರಿ. ಮುಟ್ಟಬೇಡಿ, ನೀರನ್ನೂ ಸುರಿಯಬೇಡಿ, ಕಾದ ಡಿಸ್ಕಿಗೆ ನೀರು ಬಿದ್ದರೆ ಸೊಟ್ಟಗಾದೀತು. ಎಡ ಬಲ ಎರಡೂ ಒಂದೇ ಸಮ ಬೆಚ್ಚಗಿರಬೇಕು.

ತುಂಗಾತೀರ (ಗುರುವಾರ, ಸಂಜೆ)

ಬಲಗಡೆ ಬೆಚ್ಚಗೆ. ಎಡಗಡೆ, ಅಮ್ಮ ಕಾವಲಿ ಕಾದಿದೆಯೇ ಎಂದು ಅಂಗೈ ಹಿಡಿದು ನೋಡುತ್ತಾಳಲ್ಲ, ಹಾಗೆ. ದೋಸೆ ಹೊಯ್ಯಬಹುದಿತ್ತು.

ಹಳೇ ಪಾನಾ (ಗುರುವಾರ, ರಾತ್ರಿ)

ಹಾಗಾದರೆ ಎಡಗಡೆಯ ಬ್ರೇಕು ಬಿಟ್ಟ ಮೇಲೂ ಬಿಡುತ್ತಿಲ್ಲ. ಪಿಸ್ಟನ್ ಹಿಡಿದಿರಬೇಕು, ಇಲ್ಲವೇ ಪಿನ್ ಹಿಡಿದಿರಬೇಕು. ನಿಮ್ಮ ಗಾಡಿಯ ಕ್ಯಾಲಿಪರಿಗೆ ಪಿಸ್ಟನ್ ಒಂದೇ, ಒಳಮಗ್ಗುಲಿಗೆ. ಅದು ಒಳಗಿನ ಪ್ಯಾಡನ್ನು ಡಿಸ್ಕಿಗೆ ಒತ್ತುತ್ತದೆ. ಆ ಒತ್ತಿಗೆ ಇಡೀ ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಒಳಕ್ಕೆ ಜಾರಿ ಹೊರಗಿನ ಪ್ಯಾಡನ್ನೂ ಎಳೆದು ತರುತ್ತದೆ. ಪಿನ್ ಜಾರದಿದ್ದರೆ ಒಳಗಿನ ಪ್ಯಾಡೊಂದೇ ದುಡಿಯುತ್ತದೆ, ಓರೆಯಾಗಿ ಸವೆಯುತ್ತದೆ, ಕೂಗುತ್ತದೆ. ಎಷ್ಟು ಜೋಡಿ ಹೊಸ ಪ್ಯಾಡ್ ಹಾಕಿದರೂ ಸಮ ಇರುವಷ್ಟು ದಿನ ಮಾತ್ರ ಸುಮ್ಮನಿರುತ್ತದೆ. ನಿಮಗೆ ಸಿಕ್ಕ ಆ ಒಂದು ವಾರ, ಹತ್ತು ದಿನದ ಶಾಂತಿ ಅದೇ.

ನೀವೇ ಬಿಚ್ಚಿ ನೋಡಬಹುದು, ಆದರೆ ಅವಸರ ಬೇಡ. ಗಟ್ಟಿ ನೆಲ, ಹಿಂದಿನ ಚಕ್ರಕ್ಕೆ ಕಲ್ಲು, ಜ್ಯಾಕಿನ ಜೊತೆಗೆ ಸ್ಟ್ಯಾಂಡು. ಬರಿಯ ಜ್ಯಾಕನ್ನು ನಂಬಿ ಕೈ ಹಾಕಬೇಡಿ. ಬಿಚ್ಚಿದ ಕ್ಯಾಲಿಪರ್ ರಬ್ಬರ್ ಪೈಪಿನಲ್ಲಿ ನೇತಾಡಬಾರದು, ಸ್ಪ್ರಿಂಗಿಗೆ ಕಟ್ಟಿ. ಪಿಸ್ಟನ್ ಒಳಕ್ಕೆ ತಳ್ಳುವ ಮೊದಲು ಎಣ್ಣೆಯ ಡಬ್ಬಿ ನೋಡಿ, ತುಂಬಿದ್ದರೆ ಉಕ್ಕಿ ಬಣ್ಣ ತಿನ್ನುತ್ತದೆ. ಮತ್ತೆ ಜೋಡಿಸಿದ ಮೇಲೆ ಪೆಡಲನ್ನು ಗಟ್ಟಿಯಾಗುವವರೆಗೆ ಹತ್ತು ಸಲ ತುಳಿಯದೆ ಗಾಡಿ ಕದಲಿಸಬಾರದು. ಮೊದಲ ತುಳಿತ ನೆಲಕ್ಕೇ ಹೋಗುತ್ತದೆ. ಇದನ್ನು ಮರೆತು ಗೋಡೆಗೆ ಗುದ್ದಿದವರನ್ನು ಕಂಡಿದ್ದೇನೆ.

ತುಂಗಾತೀರ (ಭಾನುವಾರ, ಮಧ್ಯಾಹ್ನ)

ಬಿಚ್ಚಿದೆ. ಅಡಿಕೆ ಒಣಗಿಸುವ ಅಂಗಳದ ಸಿಮೆಂಟು ನೆಲದ ಮೇಲೆ, ಬೆಳಿಗ್ಗೆ ಏಳಕ್ಕೆ ಕೂತವನು ಹನ್ನೊಂದಕ್ಕೆ ಎದ್ದೆ. ಸ್ಟ್ಯಾಂಡನ್ನು ಪಕ್ಕದ ಮನೆಯ ಟ್ರ್ಯಾಕ್ಟರಿನವರು ಕೊಟ್ಟರು. ಕ್ಯಾಲಿಪರನ್ನು ಹಳೆಯ ಸೈಕಲ್ ಟ್ಯೂಬಿನಿಂದ ಕಟ್ಟಿದೆ.

ಪ್ಯಾಡುಗಳನ್ನು ಮಗನ ಕಂಪಾಸ್ ಪೆಟ್ಟಿಗೆಯ ಸ್ಕೇಲಿನಿಂದ ಅಳೆದೆವು. ಹೊರಗಿನದು ಎರಡೂ ತುದಿಯಲ್ಲಿ ಎಂಟೂವರೆ ಮಿ.ಮೀ. ಒಳಗಿನದು ಮೇಲ್ತುದಿಯಲ್ಲಿ ಏಳು, ಕೆಳತುದಿಯಲ್ಲಿ ಐದೂ ಇಲ್ಲ. ಎರಡು ತಿಂಗಳ ಪ್ಯಾಡ್! ಬೆಣೆಯ ಹಾಗೆ ಸವೆದಿದೆ. ಮುಖ ಕನ್ನಡಿಯಂತೆ ಹೊಳೆಯುತ್ತಿದೆ, ಘಟ್ಟದಕ್ಕ ಹೇಳಿದ ಹೊಳಪು ಇದೇ ಇರಬೇಕು. ಪಿಸ್ಟನ್ನನ್ನು ಹಳೆಯ ಪ್ಯಾಡ್ ಅಡ್ಡ ಇಟ್ಟು ಬಡಗಿಯ ಕ್ಲಾಂಪಿನಿಂದ ಒತ್ತಿದರೆ ನಯವಾಗಿ ಒಳಗೆ ಹೋಯಿತು. ಮೇಲಿನ ಪಿನ್ ಎರಡು ಬೆರಳಿಗೆ ಜಾರುತ್ತದೆ. ಕೆಳಗಿನದು ಜಪ್ಪಯ್ಯ ಎಂದರೂ ಅಲುಗಲಿಲ್ಲ. ಅದರ ರಬ್ಬರ್ ಬೂಟು, ಅಂದರೆ ಮಣ್ಣು ತಡೆಯುವ ಹೊದಿಕೆ, ಒಂದು ಕಡೆ ಉಗುರಿನಷ್ಟು ಹರಿದಿದೆ. ಆ ಹರಕಿನಲ್ಲಿ ನಮ್ಮ ರಸ್ತೆಯ ಕೆಮ್ಮಣ್ಣು ಒಣಗಿ ಕೂತಿತ್ತು. ಪಿನ್ನನ್ನು ಸುತ್ತ ತಿರುಗಿಸುತ್ತ ಎಳೆಯಲು ಮುಕ್ಕಾಲು ಗಂಟೆ ಹಿಡಿಯಿತು. ಹೊರಬಂದದ್ದು ಪಿನ್ನಲ್ಲ, ಹೊಳೆಯಿಂದ ಎತ್ತಿದ ಮೊಳೆ.

ಇನ್ನೊಂದು. ಬಲಗಡೆಯ ಪ್ಯಾಡಿನ ಎರಡೂ ತುದಿಯಲ್ಲಿ ತೆಳು ಸ್ಟೀಲಿನ ಕ್ಲಿಪ್ಪುಗಳಿವೆ, ಬೆನ್ನಿಗೆ ಕಪ್ಪು ಶಿಮ್ ಇದೆ. ಎಡಗಡೆ ಅವು ಯಾವುವೂ ಇಲ್ಲ. ಫೋನು ಮಾಡಿ ಕೇಳಿದೆ. ‘ಓ ಅದಾ, ಮುರಿದಿತ್ತು ಸಾರ್, ತೆಗೆದು ಹಾಕಿದೆ. ಅದು ಇಲ್ಲದಿದ್ದರೂ ನಡೆಯುತ್ತದೆ.’

ಕರಾವಳಿ ಗಾಳಿ (ಭಾನುವಾರ, ಮಧ್ಯಾಹ್ನ)

ನಡೆಯುತ್ತದೆ, ಹಾಡುತ್ತ ನಡೆಯುತ್ತದೆ.

ಘಟ್ಟದಕ್ಕ (ಭಾನುವಾರ, ಮಧ್ಯಾಹ್ನ)

ಇದರ ಮೇಲೆ ನೀವು ಐದು ತಿಂಗಳು ಘಾಟಿ ಇಳಿದಿದ್ದೀರಿ ಎಂದು ನೆನೆದರೆ ಮೈ ಜುಮ್ಮೆನ್ನುತ್ತದೆ ಮೇಷ್ಟ್ರೇ. ಎಣ್ಣೆಯನ್ನೂ ಈಗಲೇ ಬದಲಾಯಿಸಿ, ಮುಂದೂಡಬೇಡಿ.

ಹಳೇ ಪಾನಾ (ಭಾನುವಾರ, ಸಂಜೆ)

ಸಿಕ್ಕಿತು ಬಿಡಿ. ಈಗ ಆ ಪಿನ್ನನ್ನು ಉಜ್ಜಿ ಹಾಕುವ ಆಸೆ ಬೇಡ, ಗುಳಿ ಬಿದ್ದ ಪಿನ್ ಮತ್ತೆ ಹಿಡಿಯುತ್ತದೆ. ಎರಡೂ ಕಡೆಗೆ ಪಿನ್ನು, ಬೂಟಿನ ಕಿಟ್ ತನ್ನಿ, ದೊಡ್ಡ ಮೊತ್ತವೇನಲ್ಲ. ಪಿನ್ ಕೂರುವ ರಂಧ್ರವನ್ನು ಕಡ್ಡಿಗೆ ನಯವಾದ ಎಮರಿ ಕಾಗದ ಸುತ್ತಿ ತಿರುಗಿಸಿ ಶುಚಿ ಮಾಡಿ, ಒರೆಸಿ. ಕ್ಲಿಪ್ ಕೂರುವ ಜಾಗದಲ್ಲಿ ತುಕ್ಕು ಪದರ ಕಟ್ಟಿರುತ್ತದೆ, ತಂತಿಯ ಬ್ರಷ್ಷಿನಿಂದ ಲೋಹ ಕಾಣುವವರೆಗೆ ಉಜ್ಜಿ. ಅದನ್ನು ಬಿಟ್ಟು ಹೊಸ ಕ್ಲಿಪ್ ಹಾಕಿದರೆ ಪ್ಯಾಡ್ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ, ಎಲ್ಲ ಮೊದಲಿನಂತೆ. ಪ್ಯಾಡ್ ಗೂಡಿನಲ್ಲಿ ಬೆರಳಿನಿಂದ ತಳ್ಳಿದರೆ ಜಾರಬೇಕು, ಅಲುಗಾಡಬಾರದು.

ಬೆಣೆಯಾದ ಪ್ಯಾಡ್ ಎಸೆಯಿರಿ. ಬೇಸರವೇ, ಆದರೆ ಎಸೆಯಿರಿ. ಎರಡೂ ಕಡೆ ಒಟ್ಟಿಗೆ ಹೊಸದು. ಡಿಸ್ಕನ್ನು ಮತ್ತೆ ಲೇತಿಗೆ ಕೊಡುವ ಮುಂಚೆ ದಪ್ಪ ಅಳೆಸಿ, ಕನಿಷ್ಠ ದಪ್ಪ ಎಷ್ಟೆಂದು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚಾಗಿರುತ್ತದೆ. ಪ್ರತಿಸಲ ಕೆರೆಸುತ್ತ ಹೋದರೆ ತೆಳುವಾಗಿ ಬೇಗ ಕಾಯುತ್ತದೆ. ಗೆರೆ ಇಲ್ಲದಿದ್ದರೆ ಎಮರಿಯಿಂದ ಹೊಳಪು ತೆಗೆದರೆ ಸಾಕು.

ಎಣ್ಣೆ ಬದಲಾಯಿಸುವುದನ್ನೂ ಗಾಳಿ ತೆಗೆಯುವುದನ್ನೂ ಮಾತ್ರ ಬಲ್ಲವರ ಕೈಯಲ್ಲಿ ಮಾಡಿಸಿ. ಆಮೇಲೆ ಹೊಸ ಪ್ಯಾಡನ್ನು ಕೂರಿಸಬೇಕು. ಖಾಲಿ ರಸ್ತೆಯಲ್ಲಿ ಐವತ್ತರಿಂದ ಹದಿನೈದಕ್ಕೆ ಹದವಾಗಿ ಇಳಿಸುವುದು, ಪೂರ್ತಿ ನಿಲ್ಲಿಸದೆ ಮತ್ತೆ ಏರಿಸಿ ಸ್ವಲ್ಪ ಆರಲು ಬಿಡುವುದು. ಹೀಗೆ ಎಂಟು ಹತ್ತು ಸಲ. ಕೊನೆಗೆ ಬ್ರೇಕ್ ಹಿಡಿದುಕೊಂಡು ನಿಲ್ಲಬೇಡಿ, ಓಡಿಸುತ್ತ ಆರಿಸಿ.

ಸಿಗ್ನಲ್ ಜೀವಿ (ಸೋಮವಾರ, ಬೆಳಿಗ್ಗೆ)

ನಾನು ಗಾಡಿ ಕೊಟ್ಟುಬಿಡಿ ಎಂದಿದ್ದೆ. ಹಿಂತೆಗೆದುಕೊಂಡಿದ್ದೇನೆ. ನಾನು ಮಾರಿದ ಗಾಡಿಯ ಕ್ಲಿಪ್ಪುಗಳು ಇದ್ದವೋ ಇಲ್ಲವೋ ಎಂದು ಈಗ ಯೋಚನೆಯಾಗಿದೆ.

ತುಂಗಾತೀರ (ಮೂರು ವಾರಗಳ ನಂತರ)

ತಡವಾಗಿ ಬರೆಯುತ್ತಿದ್ದೇನೆ, ಅರ್ಧವಾರ್ಷಿಕ ಪರೀಕ್ಷೆಯ ಉತ್ತರ ಪತ್ರಿಕೆಗಳ ರಾಶಿ ಇತ್ತು. ಪಿನ್ ಕಿಟ್ ತೀರ್ಥಹಳ್ಳಿಯಲ್ಲಿ ಸಿಗಲಿಲ್ಲ, ಶಿವಮೊಗ್ಗದಿಂದ ತರಿಸಿದೆ. ಎಣ್ಣೆ ಬೇರೆ ಕಡೆ ಬದಲಾಯಿಸಿದರು. ಪಾರದರ್ಶಕ ಪೈಪಿನಲ್ಲಿ ಕಪ್ಪು ಹೋಗಿ ಹೊಂಬಣ್ಣ ಬರುವವರೆಗೆ ಮಗ ಪೆಡಲ್ ತುಳಿದ.

ಮೊದಲ ದಿನ ಸ್ವಲ್ಪ ಕೊಸರಾಡಿತು, ಹಿರಿಯರು ಹೇಳಿದಂತೆ ಕೂರಿಸಿದ ಮೇಲೆ ನಿಂತಿತು. ಅಲೈನ್‌ಮೆಂಟ್ ಮುಟ್ಟದೆಯೇ ಎಡಕ್ಕೆ ಎಳೆಯುವುದೂ ನಿಂತಿತು. ಕಳೆದ ಶನಿವಾರ ಎರಡನೆಯ ಗೇರಿನಲ್ಲಿ ಆಗುಂಬೆ ಇಳಿದೆವು. ಸೋಮೇಶ್ವರದಲ್ಲಿ ಇಳಿದು ಎರಡೂ ಚಕ್ರಗಳ ಬಳಿ ಅಂಗೈ ಹಿಡಿದೆ. ಎರಡೂ ಬಿಸಿ, ಆದರೆ ಒಂದೇ ಸಮ ಬಿಸಿ. ಚಹಾ ಅಂಗಡಿಯವರು ಇವನೇನು ಚಕ್ರಕ್ಕೆ ಆರತಿ ಎತ್ತುತ್ತಿದ್ದಾನೆಯೇ ಎಂಬಂತೆ ನೋಡಿದರು.

ಉಳಿದಿರುವುದು ಒಂದೇ. ಹಿಮ್ಮುಖವಾಗಿ ತೆಗೆದು, ಮುಂದಕ್ಕೆ ಹೊರಟು ಮೊದಲ ಸಲ ಬ್ರೇಕ್ ಹಿಡಿದಾಗ ಸಣ್ಣದೊಂದು ‘ಟಕ್’. ಆಮೇಲೆ ಇಲ್ಲ. ಹಳೆಯ ಪಿನ್ ಈಗ ಶಾಲೆಯ ಪ್ರಯೋಗಾಲಯದಲ್ಲಿದೆ. ಘರ್ಷಣೆಯ ಪಾಠದ ದಿನ ಒಂಬತ್ತನೆಯ ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸಿದೆ.

ಹಳೇ ಪಾನಾ (ಅದೇ ದಿನ)

ಆ ಟಕ್ ಇರಲಿ. ಹಿಂದಕ್ಕೆ ಹೋದಾಗ ಪ್ಯಾಡ್ ಗೂಡಿನ ಆ ಮಗ್ಗುಲಿಗೆ ಕೂರುತ್ತದೆ, ಮುಂದಕ್ಕೆ ಬಂದಾಗ ಈ ಮಗ್ಗುಲಿಗೆ. ಜಾರಲು ಬಿಟ್ಟಿರುವ ಕೂದಲೆಳೆಯ ಸಂದಿಯ ಸದ್ದು ಅದು. ಪ್ರತಿಸಲ ಒತ್ತಿದಾಗಲೂ ಬಂದರೆ ಮಾತ್ರ ಬುಶ್ ನೋಡಿಸಿ. ಮಳೆಗಾಲ ಮುಗಿದ ಮೇಲೆ ವರ್ಷಕ್ಕೊಮ್ಮೆ ಪಿನ್ ಎಳೆದು ಗ್ರೀಸು ಸವರಿ.

ಕರಾವಳಿ ಗಾಳಿ (ಮರುದಿನ)

ಇದನ್ನೆಲ್ಲ ಓದಿ ನನ್ನ ಝೆನ್ನನ್ನೂ ಜ್ಯಾಕಿಗೆ ಏರಿಸಿದೆ. ಬಲಗಡೆಯ ಮೇಲಿನ ಪಿನ್ ಬರುತ್ತಿಲ್ಲ. ಪಕ್ಕದ ವೆಲ್ಡಿಂಗಿನವರು ಕಾಯಿಸಿ ತೆಗೆಯೋಣ ಎನ್ನುತ್ತಿದ್ದಾರೆ. ಬೆಂಕಿ ಹಚ್ಚಲೇ?

ಹಳೇ ಪಾನಾ (ಮರುದಿನ)

ಬೇಡ. ಒಂದು ಗೇಣಿನಾಚೆ ಪಿಸ್ಟನ್ನಿನ ರಬ್ಬರಿದೆ, ಅದರ ಹಿಂದೆ ಎಣ್ಣೆಯಿದೆ. ಪ್ಯಾಡ್ ಹೊರಗೆ ತೆಗೆದಿಟ್ಟು, ಪಿನ್ನಿನ ಬುಡಕ್ಕೆ ಮಾತ್ರ ತುಕ್ಕು ಬಿಡಿಸುವ ಎಣ್ಣೆ ಹನಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಎಳೆಯಬೇಡಿ, ತಿರುಗಿಸಿ. ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ. ಬಂದ ಮೇಲೆ ಆ ಎಣ್ಣೆಯನ್ನೆಲ್ಲ ಒರೆಸಿ ತೆಗೆದು ಆಮೇಲೆ ಗ್ರೀಸು. ಬೂಟು ಹೇಗಿದೆ ಎಂದು ತಿಳಿಸಿ.